ಬೆಲ್ಲದಚ್ಚಿನ ಕೈ

ತೊಣ್ಣೂರು ಕೆರೆಯ ಪಕ್ಕದ ಅವಳ ಊರಿಗೆ ಹೆಣ ನೋಡಲು ಹೋದಾಗ ನನಗೆ ಮೊದಲು ಆದದ್ದು ದುಃಖವಲ್ಲ. ಇಷ್ಟೊಂದು ಜನವೇ ಅನ್ನಿಸಿತು. ಬೀದಿ ತುಂಬ ಬೈಕುಗಳು, ಟ್ರಾಕ್ಟರುಗಳು, ಮೈಸೂರಿನಿಂದ ಬಂದ ಒಂದು ವ್ಯಾನು. ಗಂಡಸರು ಅವಳ ಮನೆಯ ಜಗಲಿ ಸಾಲದೆ ಎದುರು ಮನೆಯ ಜಗಲಿಯಲ್ಲೂ ಕೂತಿದ್ದರು. ನನ್ನ ಗಂಡ ತೀರಿಕೊಂಡಾಗ ನಮ್ಮ ಬೀದಿಯಲ್ಲಿ ಮಲಗಿದ್ದ ನಾಯಿ ಕೂಡ ಎದ್ದಿರಲಿಲ್ಲ. ನಾನು ಸತ್ತ ದಿನ ಯಾರು ಯಾರು ಬರಬಹುದು ಎಂದು ಯೋಚಿಸುತ್ತಲೇ ಚಪ್ಪಲಿ ಬಿಟ್ಟು ಒಳಗೆ ಹೋದೆ.

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅನ್ನುತ್ತಾರೆ. ಅವಳು ಬದುಕಿದ್ದಷ್ಟು ಕಾಲವೂ ಪಟ್ಟದ್ದು, ಅವಳು ಸತ್ತ ಬೆಳಿಗ್ಗೆಯೇ ಆರಿಹೋಗಬೇಕು ಅಂದರೆ ಹೇಗೆ? ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮ ಫೌಂಡ್ರಿಯಲ್ಲಿದ್ದವರಿಗೆ ಯಾರೆಂದು ಗೊತ್ತಾಗುವುದು ಕಷ್ಟ, ಎಲ್ಲರ ಬಾಯಲ್ಲೂ ಅವಳು ಮಿಷಿನಕ್ಕ. ಆ ಹೆಸರು ನನ್ನದಾಗಬೇಕಿತ್ತು. ಆಗಲಿಲ್ಲ.

ತೊಂಬತ್ತರ ದಶಕದ ಮಾತು. ಪಾಂಡವಪುರದ ರೈಲ್ವೆ ಸ್ಟೇಷನ್ನಿನಿಂದ ಶ್ರೀರಂಗಪಟ್ಟಣದ ಕಡೆಗೆ ಹೋಗುವ ರಸ್ತೆಯಲ್ಲಿ ತಗಡಿನ ಮಾಡಿನ ಉದ್ದನೆಯ ಶೆಡ್ಡೊಂದಿತ್ತು, ಅದೇ ನಮ್ಮ ಫೌಂಡ್ರಿ. ಮಾಲೀಕರು ನಾಗಮಂಗಲದವರು. ಕಬ್ಬಿಣ ಕಾಯಿಸಿ ನೀರು ಮಾಡಿ ಅಚ್ಚಿಗೆ ಹೊಯ್ದು ಪಂಪುಗಳ ಹೊಟ್ಟೆ, ಕಬ್ಬು ಅರೆಯುವ ಗಾಣದ ಹಲ್ಲುಚಕ್ರ, ಇಂಥವನ್ನೆಲ್ಲ ಮಾಡುತ್ತಿದ್ದರು. ಮರಳಿನಲ್ಲಿ ಅಚ್ಚು ಕಟ್ಟುವವರು ಗಂಡಸರು, ಅದು ಹೊರಗಿನ ಆಕಾರ. ಆದರೆ ಪಂಪಿನ ಹೊಟ್ಟೆಯಲ್ಲಿ ನೀರು ಓಡಾಡಲು ಪೊಳ್ಳು ಬೇಕಲ್ಲ? ಆ ಪೊಳ್ಳಿನ ಆಕಾರಕ್ಕೆ ಮರಳಿನದೇ ಒಂದು ಗಟ್ಟಿ ಬೊಂಬೆ ಮಾಡಿ ಅಚ್ಚಿನ ನಡುವೆ ಕೂರಿಸಬೇಕು. ಕಾದ ಕಬ್ಬಿಣ ಅದರ ಸುತ್ತ ಹರಿದು ಆರಿದ ಮೇಲೆ ಬೊಂಬೆಯನ್ನು ಕುಟ್ಟಿ ಪುಡಿ ಮಾಡಿ ಸುರಿದುಬಿಡುತ್ತಾರೆ. ಆ ಬೊಂಬೆಗೆ ಕೋರು ಎಂದು ಹೆಸರು. ಕೋರು ಮಾಡುವವರು ನಾವು ಹೆಂಗಸರು. ನಾವು ಮಾಡಿದ್ದು ಯಾವುದೂ ಉಳಿಯುತ್ತಿರಲಿಲ್ಲ, ನಾವು ಮಾಡಿದ್ದೆವು ಎನ್ನುವುದಕ್ಕೆ ಒಂದು ತೂತು ಮಾತ್ರ ಸಾಕ್ಷಿ.

ಆ ಕೋರುಮನೆಗೆ ಮೊದಲು ಕಾಲಿಟ್ಟವಳು ನಾನು. ಬೂಕನಕೆರೆಯಲ್ಲಿ ನಮ್ಮಪ್ಪನ ಕುಲುಮೆ ಇತ್ತು. ತಿದಿಯ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದವಳು. ಎಸ್ಸೆಸ್ಸೆಲ್ಸಿ ಮುಗಿಸಿ ಪಾಂಡವಪುರಕ್ಕೆ ಮದುವೆಯಾಗಿ ಬಂದಾಗ, ಕಬ್ಬಿಣದ ಕೆಲಸ ಅಂದರೆ ನಮ್ಮ ಮನೆಯ ಆಸ್ತಿ ಎಂದೇ ನನ್ನ ಎಣಿಕೆ. ಶ್ರೀರಂಗಪಟ್ಟಣದಿಂದ ಬರುತ್ತಿದ್ದ ನಮ್ಮ ಮೇಸ್ತ್ರಿ ಸಾಬರೂ ಹಾಗೆಯೇ ಅನ್ನುತ್ತಿದ್ದರು. ನನ್ನನ್ನು ಆಚಾರಮ್ಮ ಎಂದು ಬಹುವಚನದಲ್ಲೇ ಕರೆಯುತ್ತಿದ್ದರು. ಮರಳಿಗೆ ಅಂಟಾಗಿ ಸಕ್ಕರೆ ಕಾರ್ಖಾನೆಯ ಕಾಕಂಬಿ ಬೆರೆಸಿ, ಮುಷ್ಟಿಯಲ್ಲಿ ಹಿಚುಕಿ ಹದ ನೋಡಿ, ಮರದ ಪೆಟ್ಟಿಗೆಗೆ ತುಂಬಿ ಒತ್ತಿ ತೆಗೆದು, ಒಲೆಯಲ್ಲಿ ಬೇಯಿಸುತ್ತಿದ್ದೆವು. ನನ್ನ ಕೋರು ಮುರಿಯಿತು ಎಂದು ಹೊರಗಿನಿಂದ ಯಾರೂ ಕೂಗಿದ್ದಿಲ್ಲ.

ಅವಳು ಬಂದದ್ದು ಆಮೇಲೆ. ಗೌಡರ ಮನೆಯ ಹೆಂಗಸು, ಗಂಡನಿಗೆ ಸೊಂಟ ಹಿಡಿದು ಹೊಲದ ಕೆಲಸ ನಿಂತಿದ್ದರಿಂದ ಕೆಲಸಕ್ಕೆ ಬಂದಿದ್ದಳು. ಕುಳ್ಳಿ, ಕಪ್ಪಗೆ, ಮುಂದಕ್ಕೆ ಬಂದ ಹಲ್ಲು. ಆ ಹಲ್ಲನ್ನು ಮುಚ್ಚಿಕೊಳ್ಳಬೇಕೆಂದು ಅವಳಿಗೆ ಯಾವತ್ತೂ ತೋಚಲಿಲ್ಲ, ಬಾಯಿ ತುಂಬ ನಗುತ್ತಿದ್ದಳು. ಇಡೀ ಶೆಡ್ಡೇ ಮಸಿ, ಅದರಲ್ಲಿ ದಿನಾ ತಲೆಗೆ ಕನಕಾಂಬರ ಮುಡಿದು ಬರುವಳು. ಸಂಜೆಗೆ ಹೂವೂ ಕಪ್ಪು, ಮೂಗೂ ಕಪ್ಪು. ಯಾರಿಗೆ ತೋರಿಸೋಕೆ ಈ ಹೂವು ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ಮರಳು ತೋರಿಸಿ, ಇದಕ್ಕೆ ಎಂದಳು. ಮಾರನೆಯ ದಿನ ನನಗೂ ಒಂದು ಮೊಳ ತಂದುಕೊಟ್ಟಳು. ನಾನು ಮುಡಿಯಲಿಲ್ಲ, ಕಿಟಕಿಯ ಮೇಲಿಟ್ಟೆ.

ಕೈಕೆಲಸದಲ್ಲಿ ಅವಳು ಶುದ್ಧ ಮೊದ್ದು. ಇದನ್ನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ಕೋರುಮನೆಯ ಯಾವ ಹೆಂಗಸನ್ನು ಬೇಕಾದರೂ ಕೇಳಿ. ಅವಳು ಒತ್ತಿದ ಕೋರು ಒಲೆಯವರೆಗೆ ಹೋಗುವುದರೊಳಗೆ ಕಿವಿ ಮೂಗು ಉದುರಿಸಿಕೊಂಡಿರುತ್ತಿತ್ತು. ಕಾಕಂಬಿಯ ಹದ ನೋಡು ಅಂದರೆ ಬೆರಳು ಅದ್ದಿ ನೆಕ್ಕುವಳು. ಇರುವೆ ಬಂದರೆ ನಾವೆಲ್ಲ ಪೊರಕೆ ತಗೊಂಡರೆ ಇವಳು ಬಾಯಲ್ಲಿ ಊದುತ್ತಾ ಕೂರುವಳು. ಆದರೂ ಮೇಸ್ತ್ರಿ ಅವಳನ್ನು ಬೈಯುತ್ತಿರಲಿಲ್ಲ. ಬೈಯಲು ಬಂದವರು ಅವಳ ಮಾತು ಕೇಳಿ ನಗುತ್ತಾ ವಾಪಸು ಹೋಗುವರು. ತೊಣ್ಣೂರಿನ ಬಸ್ಸಿನವನು ಅವಳು ಓಡಿ ಬರುವವರೆಗೆ ಬಸ್ಸು ನಿಲ್ಲಿಸಿಕೊಂಡಿರುತ್ತಿದ್ದನಂತೆ. ನನಗೋಸ್ಕರ ನನ್ನ ಗಂಡ ಕೂಡ ಹಾಗೆ ನಿಂತವನಲ್ಲ. ಊಟವಾದ ಮೇಲೆ ಗೋಣಿಚೀಲದ ಮೇಲೆ ತಲೆಯಿಟ್ಟರೆ ಅವಳಿಗೆ ಕ್ಷಣದಲ್ಲಿ ನಿದ್ದೆ. ಪಕ್ಕದಲ್ಲೇ ಕುಟ್ಟುವ, ಬಡಿಯುವ ಸದ್ದಿದ್ದರೂ ನಿದ್ದೆ. ನನಗೆ ಆ ನಿದ್ದೆಯ ಮೇಲೂ ಕಣ್ಣಿತ್ತು.

ಮಾತೆಲ್ಲ ಬಡಾಯಿ. ಅವಳ ತವರಿನ ಆಲೆಮನೆಯ ಹೊಗೆ ಮೇಲುಕೋಟೆ ಬೆಟ್ಟಕ್ಕೆ ಕಾಣುತ್ತಿತ್ತಂತೆ, ಅವರ ಮನೆಯ ಬೆಲ್ಲ ತಿಂದ ಎಮ್ಮೆ ಸಿಹಿ ಹಾಲು ಕರೆಯುತ್ತಿತ್ತಂತೆ. ಸುಳ್ಳು ಎಂದು ಎಲ್ಲರಿಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಹೆಂಗಸರು ಕೈಕೆಲಸ ಬಿಟ್ಟು ಕೇಳುವರು. ನಾನು ನಿಜ ಹೇಳಿದರೂ ಕೇಳುವವರಿರಲಿಲ್ಲ.

ಹೀಗಿರುವಾಗ ಮಾಲೀಕರು ಕೊಯಮತ್ತೂರಿನಿಂದ ಕೋರು ಮಾಡುವ ಮಿಷಿನ್ನು ತರಿಸಿದರು. ಅಲ್ಲಿಯವರು ವರ್ಷಾನುಗಟ್ಟಲೆ ದುಡಿಸಿ ಮಾರಿದ ಹಳೆಯದು, ಮೇಲೆ ಹಸಿರು ಬಣ್ಣ ಬಳಿದಿದ್ದರು. ನೋಡಲು ಸರಳ. ಬಾಗಿಲಿನ ರೆಕ್ಕೆಗಳ ಹಾಗೆ ಎರಡು ಕಬ್ಬಿಣದ ಹೋಳು, ಒಳಗೆ ಕೋರಿನ ಆಕಾರ ಕೊರೆದಿದೆ. ಎರಡೂ ಸದಾ ಕಾದಿರುತ್ತವೆ. ಹಿಡಿ ಎಳೆದರೆ ಹೋಳುಗಳು ಕೂಡುತ್ತವೆ, ಮೇಲಿನಿಂದ ಬುಸ್ಸೆಂದು ಗಾಳಿ ಮರಳನ್ನು ಒಳಗೆ ತುಂಬುತ್ತದೆ. ಆ ಮರಳಿಗೆ ಅದರದೇ ಅಂಟಿರುತ್ತದೆ, ಕಾವಿಗೆ ಕರಗಿ ಗಟ್ಟಿಯಾಗುತ್ತದೆ. ಹಿಡಿ ತಿರುಗಿಸಿ ಬಾಯಿ ತೆರೆದರೆ ಕೋರು ಸಿದ್ಧ. ಕಾಕಂಬಿ ಬೇಡ, ಒಲೆ ಬೇಡ, ಮುಷ್ಟಿಯ ಹದ ಬೇಡ. ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಮಾಡುವುದನ್ನು ಅದು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮಾಡಿ ಕೆಳಗಿಡುತ್ತಿತ್ತು.

ಇನ್ನು ಮೇಲೆ ಕೋರುಮನೆಯಲ್ಲಿ ಮಿಷಿನ್ನಿನ ಮುಂದೆ ನಿಂತವಳಿಗೆ ಮಾತ್ರ ಬೆಲೆ, ಉಳಿದವರು ಜರಡಿ ಹಿಡಿಯುವವರು ಎಂದು ನನಗೆ ಅದು ಲಾರಿಯಿಂದ ಇಳಿದಾಗಲೇ ಗೊತ್ತಾಯಿತು. ಹೆದರಲಿಲ್ಲ. ಅದು ನನಗೇ ಬರುತ್ತದೆ ಎಂದು ನಂಬಿದ್ದೆ. ಮೇಸ್ತ್ರಿಯೂ ನೀವೇ ಮೊದಲು ನಿಲ್ಲಿ ಆಚಾರಮ್ಮ ಎಂದರು. ಅವತ್ತು ತಲೆಸ್ನಾನ ಮಾಡಿ ಬಂದಿದ್ದೆ. ಕೊಯಮತ್ತೂರಿನ ಮೆಕ್ಯಾನಿಕ್ಕು ತೋರಿಸಿಕೊಟ್ಟ, ನಾನು ಹಿಡಿ ಎಳೆದೆ. ಬುಸ್ಸೆಂದಿತು. ಮೊದಲ ಕೋರು ಬಂತು, ಎರಡನೆಯದೂ ಬಂತು. ಸುತ್ತ ನಿಂತ ಹೆಂಗಸರ ಮುಖ ನೋಡಿ ನನಗೆ ಆದ ಸುಖವನ್ನು ಇವತ್ತಿಗೂ ಮರೆತಿಲ್ಲ. ಮೆಕ್ಯಾನಿಕ್ಕು ಊಟಕ್ಕೆ ಹೋದ. ಅದರ ನಂತರದ ಕೋರು ಒಳಗೇ ಕಚ್ಚಿಕೊಂಡುಬಿಟ್ಟಿತು.

ಹಿಡಿ ತಿರುಗಿಸಿದೆ, ಜಗ್ಗಿದೆ. ಬಾಯಿ ಒಂದು ಎಳೆಯಷ್ಟು ಬಿಟ್ಟು ಹಾಗೇ ನಿಂತಿತು. ಕುಲುಮೆಯವರ ಮನೆಯಲ್ಲಿ ಕಬ್ಬಿಣ ಕಚ್ಚಿಕೊಂಡರೆ ಏನು ಮಾಡುತ್ತಾರೆ? ನನ್ನ ಕೈ ನನ್ನನ್ನು ಕೇಳಲಿಲ್ಲ. ಪಕ್ಕದಲ್ಲೇ ಸುತ್ತಿಗೆ ಇತ್ತು. ನಮ್ಮಪ್ಪ ಹೇಗೆ ಹಾಕುತ್ತಿದ್ದರೋ ಹಾಗೆ, ಅಂಚಿಗೆ, ಒಂದೇ ಏಟು. ಕೋರು ಎರಡು ತುಂಡಾಗಿ ಬಿತ್ತು, ಜೊತೆಗೆ ಹೋಳಿನ ಅಂಚಿನಿಂದ ಅವರೆಕಾಳಿನಷ್ಟು ಚಕ್ಕೆ ಎದ್ದು ನನ್ನ ಕಾಲ ಬಳಿ ಬಿತ್ತು. ಎರಕದ ಕಬ್ಬಿಣ ಬಾಗುವುದಿಲ್ಲ, ಚಕ್ಕೆ ಏಳುತ್ತದೆ. ನನಗೆ ಗೊತ್ತಿಲ್ಲದ್ದೇನಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೇಸ್ತ್ರಿ ಓಡಿ ಬಂದು ಆ ಚಕ್ಕೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಬೈಯಲಿಲ್ಲ.

"ಇದು ಕುಲುಮೆ ಅಲ್ಲಮ್ಮ" ಎಂದರು, ಅಷ್ಟೇ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ಮಾಲೀಕರೂ ಬಂದು ನಿಂತರು. ಇನ್ನೊಂದು ಸಲ ಹಿಡಿ ಎಳೆದದ್ದು ಮೇಸ್ತ್ರಿಯೇ, ಅದೂ ಕಚ್ಚಿಕೊಂಡಿತು. ಯಾರಿಗೂ ಮುಟ್ಟಲು ಧೈರ್ಯವಿಲ್ಲ. ಆಗ ಅವಳು ಹಿಂದಿನಿಂದ, ತಡೀರಿ ಸಾಬ್ರೆ, ಎನ್ನುತ್ತ ಬಂದಳು. ನೀರಿನ ತೊಟ್ಟಿಗೆ ಗೋಣಿತಾಟು ಅದ್ದಿ ಹಿಂಡಿ ಅಂಗೈಗೆ ಸುತ್ತಿಕೊಂಡಳು. ಹಿಡಿಯನ್ನು ಒಂಚೂರು ಸಡಿಲಿಸಿ, ಮಗುವಿನ ಮುಖ ನೋಡುವ ಹಾಗೆ ಬಾಗಿ, "ಏಳು ಮಗ, ಬೆಳಗಾಯ್ತು" ಎಂದಳು. ಎಂದು ಮುಗಿಸಿ ಹೋಳಿನ ಬೆನ್ನಿಗೆ ಅಂಗೈಯಿಂದ ಒಂದು ಏಟು ಹಾಕಿದಳು. ಚುಸ್ಸೆಂದು ಹಬೆ ಎದ್ದಿತು. ಬಾಯಿ ತೆರೆಯಿತು. ಕೋರು ಇಡಿಯಾಗಿ ಕೂತಿತ್ತು. ಮಾಲೀಕರು ಜೋರಾಗಿ ನಕ್ಕರು, ಎಲ್ಲರೂ ನಕ್ಕರು. ನಾನು ಬಿದ್ದಿದ್ದ ಕೋರಿನ ತುಂಡುಗಳನ್ನು ಆರಿಸುತ್ತಿದ್ದೆ. ಮಾರನೆಯ ಬೆಳಿಗ್ಗೆಯಿಂದ ಮಿಷಿನ್ನು ಅವಳದಾಯಿತು. ಯಾರೂ ಅವಳಿಗೆ ಕೊಡುತ್ತೇನೆ ಎಂದು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಬಂದಳು, ಗೋಣಿತಾಟು ಅದ್ದಿದಳು, ನಿಂತಳು.

ಇದೆಲ್ಲಿ ಕಲಿತಳು ಎಂಬುದು ಗೊತ್ತಾದದ್ದು ಅವಳ ತವರಿನವರು ಆಲೆ ಆಡುವ ಕಾಲಕ್ಕೆ ನಮ್ಮನ್ನೆಲ್ಲ ಕರೆದಾಗ. ಹೋಗಬಾರದು ಎಂದುಕೊಂಡೇ ಹೋದೆ. ಹಾಲುಬೆಲ್ಲ, ಕಬ್ಬಿನ ಹಾಲು, ಎಲ್ಲ ಕೊಟ್ಟರು. ಹೊಗೆ ಮೇಲುಕೋಟೆಗೆ ಕಾಣುವಷ್ಟೇನೂ ಇರಲಿಲ್ಲ. ಅಲ್ಲಿ ಅವಳ ಅಣ್ಣ ಕುದಿದ ಪಾಕವನ್ನು ಒದ್ದೆ ಮಾಡಿದ ಮರದ ಅಚ್ಚುಗಳಿಗೆ ತೋಡಿ ತೋಡಿ ತುಂಬುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು, ಅಚ್ಚನ್ನು ಮಗುಚಿ, ಬೆನ್ನಿಗೆ ಅಂಗೈಯಲ್ಲಿ ಏಟು ಹಾಕುವನು. ಅಚ್ಚುಬೆಲ್ಲ ಸಾಲಾಗಿ ಬೀಳುತ್ತಿತ್ತು. ಏಟಿನ ಸದ್ದು ಕೂಡ ಅದೇ. ಅವನು ಬಾಯಲ್ಲಿ ಏನೋ ಗುನುಗುತ್ತಿದ್ದ, ಅವಳ ಮಾತೇ ಇರಬೇಕು. ನಾನು ಬಾಯಿಗಿಟ್ಟ ಬೆಲ್ಲ ಹಾಗೇ ನಿಂತಿತು. ಕಬ್ಬಿಣ ನಮ್ಮ ಮನೆಯ ಕಸುಬು ಎಂದು ನಾನು ಬೀಗುತ್ತಿದ್ದೆ. ಆದರೆ ನಮ್ಮಪ್ಪ ಬಡಿದವರು, ಎರಕ ಹೊಯ್ದವರಲ್ಲ. ಕಾದದ್ದನ್ನು ಅಚ್ಚಿಗೆ ಹೊಯ್ದು, ಆರಲು ಬಿಟ್ಟು, ನೋವಾಗದ ಹಾಗೆ ಬಿಡಿಸಿಕೊಳ್ಳುವ ಕಸುಬು ಹುಟ್ಟಿದಂದಿನಿಂದ ಇವಳ ಕೈಯಲ್ಲಿತ್ತು. ಕಬ್ಬಿಣದ ಮಾತಿರಲಿ, ಬೆಲ್ಲ ನನ್ನನ್ನು ಸೋಲಿಸಿತ್ತು.

"ಅಚ್ಚು ಬುಟ್ಟಾಗ ಬುಡ್ತದೆ ಕಣಮ್ಮಿ. ನಾವೇ ಕಿತ್ಕಳಕ್ಕೋದ್ರೆ ಮುರ್ಕಂಡು ಬತ್ತದೆ" ಎಂದು ಅವಳು ಅವತ್ತು ನನ್ನ ಪಕ್ಕ ಕೂತು ಹೇಳಿದಳು. ಆಲೆಮನೆಯವರೆಲ್ಲ ಆಡುವ ಮಾತೇ ಇರಬಹುದು. ನನಗೆ ನನ್ನ ಸುತ್ತಿಗೆಯನ್ನು ಎತ್ತಿ ಆಡಿದ ಹಾಗೆ ಕೇಳಿತು.

ನನ್ನ ಕಥೆ ಅಲ್ಲಿಗೆ ಮುಗಿದಿದ್ದರೆ ಒಂದು ಥರ. ಚಕ್ಕೆ ಎದ್ದ ಅಂಚಿನಿಂದಾಗಿ ಆ ಮಿಷಿನ್ನಿನಲ್ಲಿ ಮಾಡಿದ ಪ್ರತಿ ಕೋರಿನ ಪಕ್ಕೆಯಲ್ಲೂ ಅವರೆಕಾಳಿನಷ್ಟು ಗಂಟು ಬರತೊಡಗಿತು. ಹೊಸ ಹೋಳು ತರಿಸುವುದು ದೂರದ ಮಾತು, ಗಂಟನ್ನು ಪ್ರತಿ ಸಲ ಉಜ್ಜಿ ತೆಗೆದರಾಯಿತು ಎಂದರು. ಉಜ್ಜುವವರು ಯಾರು? ಕೈಕೋರಿನ ಕೆಲಸ ಕಡಿಮೆಯಾಗುತ್ತಾ ಬಂದಿತ್ತು. ಮಿಷಿನ್ನಿಗೆ ಹಿಡಿಸದ ದೊಡ್ಡ ಗಾಣದ ಕೋರು ಬಂದರೆ ಮಾತ್ರ ನನ್ನ ನೆನಪಾಗುತ್ತಿತ್ತು. ಉಳಿದ ದಿನವೆಲ್ಲ ಮಿಷಿನ್ನಿನ ಪಕ್ಕ ಒಂದು ಮಣೆ ಹಾಕಿ ನನ್ನನ್ನು ಕೂರಿಸಿದರು. ನನ್ನ ಸುತ್ತಿಗೆ ಇಟ್ಟ ಗುರುತನ್ನು ನಾನೇ ಹೆಬ್ಬೆರಳಿನಿಂದಲೂ ಅರದಿಂದಲೂ ಉಜ್ಜಿ ಉಜ್ಜಿ ತೆಗೆಯುವ ಕೆಲಸ. ಅವಳು ಒಂದೊಂದೇ ಕೋರು ತೆಗೆದು ನನ್ನ ಕೈಗೆ ಕೊಡುವಳು. "ತಕ ಕಣಮ್ಮಿ, ನಿನ್ ಮೊಡವೆ" ಅನ್ನುವಳು. ವರ್ಷಗಟ್ಟಲೆ ಅಂದಳು. ಅದರಲ್ಲಿ ಕೊಂಕಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೊಂಕಿದ್ದರೆ ವಾಸಿಯಿತ್ತು, ಜಗಳವಾದರೂ ಆಡಬಹುದಿತ್ತು.

ಅವಳಿಗೆ ಎಲ್ಲ ಗೊತ್ತಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ, ಮುದ್ದೆ ಮುರಿಯುತ್ತಾ, ನನ್ನ ಕಡೆ ಕೈ ತೋರಿಸಿ ಹೇಳಿದಳು: "ಕುಲ್ಮೆ ಮನೆ ಮಗಳು ಕಣ್ರವ್ವ, ಕುಲ್ಮೆನ ಒಟ್ಟೆಲೇ ಇಟ್ಕಂಡವ್ಳೆ. ತಿದಿ ಒತ್ತೋರು ಬೇಕಾಗಿಲ್ಲ, ನನ್ ಮಕ ಕಂಡ್ರೆ ಸಾಕು, ಅತ್ಕತದೆ." ಹೆಂಗಸರು ತುತ್ತು ನೆತ್ತಿಗೇರುವಷ್ಟು ನಕ್ಕರು. ನನಗೂ ನಗು ಬಂತು, ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಅವಳು ತನ್ನ ಬಟ್ಟಲಿನ ಅವರೆಕಾಳಿನ ಸಾರನ್ನು ಅರ್ಧ ನನ್ನ ಬಟ್ಟಲಿಗೆ ಬಗ್ಗಿಸಿದಳು. ಸಾರು ಚೆನ್ನಾಗಿತ್ತು. ಅಡುಗೆ ಕೂಡ ಬರುತ್ತಿತ್ತು ಅವಳಿಗೆ.

ಆಯುಧಪೂಜೆಯ ದಿನ ಕುಲುಮೆಗೆ, ಅಂದರೆ ನಮ್ಮ ಫೌಂಡ್ರಿಯ ಕಬ್ಬಿಣ ಕಾಯಿಸುವ ಒಲೆಗೆ, ಪೂಜೆ ಮಾಡುತ್ತಿದ್ದವಳು ನಾನು. ಆಚಾರರ ಮನೆಯವಳು ಎಂದು ಮಾಲೀಕರೇ ಕೊಟ್ಟ ಮರ್ಯಾದೆ. ಮಿಷಿನ್ನು ಬಂದ ವರ್ಷ ಅವಳು ಅದಕ್ಕೆ ಬಾಳೆಕಂದು ಕಟ್ಟಿ, ಸೆರಗಿನಲ್ಲಿ ಒರೆಸಿ, ತನ್ನ ತಲೆಯ ಹೂವನ್ನೇ ತೆಗೆದು ಹಿಡಿಗೆ ಮುಡಿಸಿದಳು. ನೈವೇದ್ಯಕ್ಕೆ ತವರಿನ ಅಚ್ಚುಬೆಲ್ಲ. ನಾನು ಒಲೆಗೆ ಮಂಗಳಾರತಿ ಎತ್ತಿ ತಿರುಗಿ ನೋಡುತ್ತೇನೆ, ನನ್ನ ಹಿಂದೆ ಜನವೇ ಇಲ್ಲ. ಎಲ್ಲರೂ ಅತ್ತ ಬೆಲ್ಲಕ್ಕೆ ಕೈಯೊಡ್ಡಿ ನಿಂತಿದ್ದಾರೆ. ಮೇಸ್ತ್ರಿ ಸಾಬರೂ ಅಲ್ಲೇ. ಅಟ್ಟಿಕ್ಕಿದವಳಿಗಿಂತ ಬೊಟ್ಟಿಟ್ಟವಳೇ ಹೆಚ್ಚು ಎಂದು ನಮ್ಮಮ್ಮ ಹೇಳುತ್ತಿದ್ದದ್ದು ಇದಕ್ಕೇ. ಅವಳು ಒಂದು ಅಚ್ಚನ್ನು ನನಗೆ ಎತ್ತಿಟ್ಟಿದ್ದಳು. ಎಲ್ಲರಿಗಿಂತ ದೊಡ್ಡದು. ಮನೆಗೆ ತಂದು ಕಾಫಿಗೆ ಹಾಕಿದೆ.

ಒಂದು ಮಾತನ್ನಂತೂ ಹೇಳಲೇಬೇಕು. ಆ ಮಿಷಿನ್ನು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅವಳು ರಜೆ ಹಾಕಿದ ದಿನ ಅಚ್ಚು ಕಟ್ಟುವ ಗಂಡಸರು ಬಂದು ಪ್ರಯತ್ನ ಮಾಡುವರು. ಅರ್ಧ ಕೋರು ಮುರಿಯುತ್ತಿತ್ತು. ಹೇಗೆ ಮಾಡುತ್ತೀಯ ಎಂದು ಕೇಳಿದರೆ ಗೊತ್ತಾಯ್ತದೆ ಅನ್ನುವಳೇ ಹೊರತು ಇನ್ನೊಂದು ಮಾತಿಲ್ಲ. ಮುಚ್ಚಿಡುತ್ತಿದ್ದಾಳೆ ಎಂದು ನಾನು ನಂಬಿದ್ದೆ. ಈಗ ಅನ್ನಿಸುತ್ತದೆ, ನಿಜಕ್ಕೂ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಪ್ರತಿ ಕೋರಿಗೂ ಅದೇ ಮಾತು, ಏಳು ಮಗ, ಬೆಳಗಾಯ್ತು. ನಮ್ಮ ಕೋರುಮನೆಯಲ್ಲಿ ದಿನಕ್ಕೆ ಅದೆಷ್ಟು ಸಲ ಬೆಳಗಾಗುತ್ತಿತ್ತೋ ದೇವರೇ ಬಲ್ಲ.

ದಶಕ ಮುಗಿಯುವ ಹೊತ್ತಿಗೆ ಮೈಸೂರಿನ ಕಡೆಯ ದೊಡ್ಡ ಫೌಂಡ್ರಿಯವರು ಅವಳನ್ನು ಕೇಳಿಕೊಂಡು ಬಂದರು. ಅಲ್ಲಿ ಹೊಸ ಮಿಷಿನ್ನುಗಳ ಸಾಲೇ ಇತ್ತಂತೆ, ಕೆಲಸಕ್ಕೆ ಬರುವ ಹುಡುಗಿಯರಿಗೆ ಇವಳು ಕಲಿಸಬೇಕಂತೆ. ಅವಳ ಊರಿನ ಹತ್ತಿರಕ್ಕೇ ವ್ಯಾನು ಬರುತ್ತದಂತೆ. ಕೇಳಿ ನನಗೆ ಎರಡು ಥರ ಉರಿಯಿತು. ಒಂದು, ಅವಳು ಇನ್ನೂ ಮೇಲಕ್ಕೆ ಹೋದಳು. ಇನ್ನೊಂದು, ಕೊನೆಗೂ ಮಿಷಿನ್ನು ನನ್ನದಾಗುತ್ತದೆ, ಆದರೆ ಅವಳು ಉಂಡು ಬಿಟ್ಟ ಎಲೆಯ ಹಾಗೆ.

ಕೊನೆಯ ದಿನ ಸಂಜೆ ಎಲ್ಲರನ್ನೂ ಮಾತನಾಡಿಸಿ ನನ್ನ ಮಣೆಯ ಹತ್ತಿರ ಬಂದಳು.

"ಬಾ ಕಣಮ್ಮಿ, ಒಂದ್ಸಲ ತೋರುಸ್ಬುಟ್ಟು ಓಯ್ತೀನಿ."

"ಇಷ್ಟು ವರ್ಷ ಪಕ್ಕದಲ್ಲೇ ಕೂತು ನೋಡಿವ್ನಿ. ಕಣ್ಣಿಲ್ವ ನಂಗೆ? ಓಗು."

ಅವಳು ನಗಲಿಲ್ಲ. ಅವಳು ನಗದೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೈಗೆ ಸುತ್ತಿಕೊಳ್ಳುತ್ತಿದ್ದ ಗೋಣಿತಾಟನ್ನು ಹಿಂಡಿ, ಹಿಡಿಯ ಮೇಲೆ ಹರಡಿ, ಬಸ್ಸಿಗೆ ಹೊತ್ತಾಯಿತೆಂದು ಹೋದಳು.

ಮಾರನೆಯ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲೇ ಹೋದೆ. ಹಿಡಿಯ ಬಣ್ಣ ಅವಳ ಕೈ ಹಿಡಿಯುತ್ತಿದ್ದ ಕಡೆ ಸವೆದಿತ್ತು. ಅವಳು ಕುಳ್ಳಿ, ಅವಳ ಎತ್ತರಕ್ಕೆ ಸರಿಯಾಗಿತ್ತು; ನನಗೆ ಅದು ಸೊಂಟದ ಕೆಳಗೆ ಬರುತ್ತಿತ್ತು, ಬಾಗಿಯೇ ಹಿಡಿಯಬೇಕು. ಕಾವು ಬಂದ ಮೇಲೆ ಎಳೆದೆ. ಬುಸ್ಸೆಂದಿತು, ಗಟ್ಟಿಯಾಯಿತು, ಕಚ್ಚಿಕೊಂಡಿತು. ಗೋಣಿತಾಟು ಒದ್ದೆ ಮಾಡಿ ಕೈಗೆ ಸುತ್ತಿ, ಹಿಡಿ ಸಡಿಲಿಸಿ ಏಟು ಹಾಕಿದೆ. ಕೋರು ಮುರಿಯಿತು. ಮತ್ತೆ ಮಾಡಿದೆ, ಮತ್ತೆ ಮುರಿಯಿತು. ಬಾಯಿ ಮಾತ್ರ ಬಿಡಲಿಲ್ಲ ನಾನು. ಅವಳ ಮಾತನ್ನು ನಾನೇಕೆ ಆಡಲಿ? ಅಷ್ಟರಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಬಂದು, ಏನೂ ಕಾಣದವರ ಹಾಗೆ ತಮ್ಮ ತಮ್ಮ ಜರಡಿ ಹಿಡಿದರು. ಮೇಸ್ತ್ರಿ ದೂರದಲ್ಲಿ ನಿಂತು ಗಡ್ಡ ಕೆರೆದುಕೊಳ್ಳುತ್ತಿದ್ದರು. ಈ ಸಲವೂ ಕೈಬಿಟ್ಟರೆ ಇನ್ನು ನನಗೆ ಜರಡಿಯೇ ಗತಿ ಎಂದು ಅರ್ಥವಾಯಿತು.

ಇನ್ನೊಂದು ಸಲ ಎಳೆದೆ. ಹಿಡಿ ಸಡಿಲಿಸಿ, ಬಾಗಿ, ಯಾರಿಗೂ ಕೇಳದ ಹಾಗೆ, "ಏಳು ಮಗ, ಬೆಳಗಾಯ್ತು" ಎಂದೆ. ಎಂದಾದ ಮೇಲೆ ಬೆನ್ನಿಗೆ ಏಟು ಹಾಕಿದೆ. ಬಾಯಿ ತೆರೆಯಿತು. ಕೋರು ಇಡಿಯಾಗಿ ಕೂತಿತ್ತು, ಪಕ್ಕೆಯಲ್ಲಿ ನನ್ನ ಮೊಡವೆಯೊಂದಿಗೆ.

ಅದರಲ್ಲಿ ಮಾಯವಿಲ್ಲ, ಮಂತ್ರವಿಲ್ಲ. ಹಿಡಿ ಸಡಿಲಿಸಿದ ಮೇಲೆ ಕೋರು ಕಾವು ಕಳೆದುಕೊಂಡು ಒಂಚೂರು ಕುಗ್ಗಿ ಹೋಳಿನ ಗೋಡೆ ಬಿಡಲು ಸ್ವಲ್ಪ ಹೊತ್ತು ಬೇಕು. ಆ ಮಾತು ಆಡಿ ಮುಗಿಸುವಷ್ಟು ಹೊತ್ತು. ನಾವೆಲ್ಲ ಅವಳ ಏಟನ್ನೇ ನೋಡುತ್ತಿದ್ದೆವು, ಅವಳು ಕಾಯುತ್ತಿದ್ದುದನ್ನು ನೋಡಲಿಲ್ಲ. ಅವಳಿಗೂ ತಾನು ಕಾಯುತ್ತಿದ್ದೇನೆ ಎಂದು ಗೊತ್ತಿರಲಿಲ್ಲ, ಮಾತಾಡುತ್ತಿದ್ದಳು ಅಷ್ಟೇ. ಇದನ್ನು ತಿಳಿದುಕೊಂಡವಳು ನಾನು. ತಿಳಿದುಕೊಂಡು ಮನಸ್ಸಿನಲ್ಲೇ ಒಂದು ಎರಡು ಎಣಿಸಿ ನೋಡಿದೆ, ಆಗಲಿಲ್ಲ. ಕೈ ಅವಸರ ಮಾಡುತ್ತಿತ್ತು. ಆ ಮಾತೇ ಬೇಕಾಯಿತು. ಫೌಂಡ್ರಿ ಬಾಗಿಲು ಹಾಕುವವರೆಗೆ ಆ ಮಿಷಿನ್ನನ್ನು ನಾನೇ ನಡೆಸಿದೆ, ದಿನವೆಲ್ಲ ಅವಳ ಮಾತನ್ನೇ ಅವಳ ದನಿಯಲ್ಲೇ ಆಡಿಕೊಂಡು. ಆದರೂ ಒಬ್ಬರೂ ನನ್ನನ್ನು ಮಿಷಿನಕ್ಕ ಎನ್ನಲಿಲ್ಲ. ಮಿಷಿನ್ನು ಕೆಟ್ಟರೆ, ಮಿಷಿನಕ್ಕನ ಮಿಷಿನ್ನು ಕೆಟ್ಟಿದೆ ಎಂದು ನನ್ನ ಮುಂದೆಯೇ ಮೇಸ್ತ್ರಿಗೆ ಹೇಳುವರು.

ಮೊನ್ನೆ ಅವಳ ಅಂಗಳದಲ್ಲಿ ಆ ವ್ಯಾನಿನಲ್ಲಿ ಬಂದಿದ್ದ ಮೈಸೂರಿನ ಹೆಂಗಸರ ಪಕ್ಕ ನಿಂತಿದ್ದೆ. ಅವಳು ಕೆಲಸ ಕಲಿಸಿದವರು, ಈಗ ಅವರಿಗೂ ವಯಸ್ಸಾಗಿದೆ. ಅದರಲ್ಲೊಬ್ಬಳು ಮೂಗು ಒರೆಸಿಕೊಳ್ಳುತ್ತಾ ಹೇಳಿದಳು, ಅವರ ಫೌಂಡ್ರಿಯ ಮಿಷಿನ್ನು ಗುಂಡಿ ಒತ್ತಿದರೆ ತಾನೇ ಬಾಯಿ ತೆರೆಯುತ್ತದೆ, ಏಟೂ ಬೇಡ ಏನೂ ಬೇಡ, ಆದರೂ ಗುಂಡಿ ಒತ್ತುವಾಗ ಎಲ್ಲರೂ ಏಳು ಮಗ, ಬೆಳಗಾಯ್ತು ಅನ್ನುತ್ತಾರಂತೆ. ಹೊಸಬರೂ ಅನ್ನುತ್ತಾರಂತೆ. ನನಗೆ ಚುರುಕ್ಕೆಂದಿತು. ಆ ಮಾತು ನನ್ನೊಬ್ಬಳ ಪಾಲಿನದು ಎಂದು ನಾನು ಇಷ್ಟು ವರ್ಷ ಎಣಿಸಿದ್ದೆ. ಮಿಷಿನ್ನೂ ಬೇಡ, ಹೆಸರೂ ಬೇಡ, ಅವಳು ನನಗೆ ಬಿಟ್ಟುಹೋದದ್ದು ಅದೊಂದಾದರೂ ನನ್ನದು ಎಂದುಕೊಂಡಿದ್ದೆ. ಅದನ್ನೂ ಊರಿಗೆಲ್ಲ ಹಂಚಿದ್ದಳು, ಬೆಲ್ಲದ ಹಾಗೆ.

ಹೂವು ಹಾಕುವವರು ಹಾಕಿ ಎಂದರು. ನನ್ನ ಸರದಿ ಬಂತು. ಚಟ್ಟದ ಮೇಲೆ ಅವಳು ಇನ್ನೂ ಕುಳ್ಳಿಯಾಗಿ ಕಂಡಳು. ತುಟಿ ಮುಚ್ಚಿರಲಿಲ್ಲ, ಹಲ್ಲು ಕಾಣುತ್ತಿತ್ತು, ಸತ್ತ ಮೇಲೂ ಮುಚ್ಚಿಕೊಳ್ಳಬೇಕೆಂದು ಅವಳಿಗೆ ತೋಚಿರಲಿಲ್ಲ. ತಲೆಗೆ ಕನಕಾಂಬರ ಮುಡಿಸಿದ್ದರು. ನಾನು ತಂದಿದ್ದೂ ಕನಕಾಂಬರವೇ, ಅದನ್ನು ಭುಜದ ಹತ್ತಿರ ಇಟ್ಟೆ. ಕೈ ಅಲ್ಲೇ ನಿಂತಿತು. ಸುತ್ತ ಎಲ್ಲರೂ ಅಳುತ್ತಿದ್ದರು, ಮೈಸೂರಿನವಳೂ ಅಳುತ್ತಿದ್ದಳು. ಆ ಮೈಸೂರಿನವಳ ಬಾಯಿಗೆ ಆ ಮಾತು ಬರುವ ಮೊದಲು ನಾನು ಆಡಿಬಿಡಬೇಕು ಅನ್ನಿಸಿತು. ಬಾಗಿ, ಯಾರಿಗೂ ಕೇಳದ ಹಾಗೆ, ಆಡಿದೆ. ಆಡಿ ಮುಗಿಸಿ, ಎಂದಿನ ಹಾಗೆ, ಅವಳ ಭುಜಕ್ಕೆ ಅಂಗೈಯಿಂದ ಮೆಲ್ಲಗೆ ಒಂದು ಏಟು ಹಾಕಿದೆ. ಮಾತು ಮುಗಿದು ಬೇಕಾದಷ್ಟು ಹೊತ್ತಾದರೂ ಅವಳು ಏಳಲಿಲ್ಲ.

ಹಿಂದೆ ನಿಂತವರು ಸರಿಯಿರಿ ಎಂದರು. ಹೆಬ್ಬೆರಳು ಹಳೆಯ ಅಭ್ಯಾಸಕ್ಕೆ ಅವಳ ಭುಜವನ್ನು ಒಮ್ಮೆ ಉಜ್ಜಿತು. ಉಜ್ಜಿ ತೆಗೆಯಲು ಅಲ್ಲಿ ನನ್ನದೇನೂ ಇರಲಿಲ್ಲ.